ಬಿಳಿ ಮೌಂಟ್ ಬೇಡ, ಆದರೆ ಫೋಟೋ ಗಾಜಿಗೆ ಅಂಟಬಾರದು: ಕಟ್ಟು ಹಾಕಿಸುವುದು ಹೇಗೆ?

ಪ್ರಶ್ನೆ: ನಾವು ಬಾಗಲಕೋಟೆ ನವನಗರದವರು. ಮುಳುಗಡೆ ಆಗೂಕಿಂತ ಮೊದಲ ಹಳೇ ಊರಾಗಿನ ನಮ್ಮ ಮನಿ ಕಟ್ಟಿ ಮ್ಯಾಲ ಮುತ್ಯಾ, ಆಯಿ ಕುಂತಿದ್ದ ಕಪ್ಪು-ಬಿಳುಪು ಫೋಟೋ ಒಂದೈತಿ. ಅದನ್ನ ಸ್ಕ್ಯಾನ್ ಮಾಡಿಸಿ 12×18 ಇಂಚಿನ ಪ್ರಿಂಟ್ ತಗಸೀವಿ. ಕಟ್ಟು ಹಾಕಸಾಕ ಹೋದ್ರ ಒಬ್ರು, ‘ಸುತ್ತ ಬಿಳಿ ಮೌಂಟ್ ಹಾಕಲೇಬೇಕ್ರಿ, ಇಲ್ಲಾಂದ್ರ ಗಾಜಿಗೆ ಅಂಟತೈತಿ’ ಅಂದ್ರು. ಇನ್ನೊಬ್ರು, ‘ಏನೂ ಆಗಂಗಿಲ್ರಿ, ಸೀದಾ ಗಾಜಿಗೆ ಹಚ್ಚಿ ಕೂಡಸ್ತೀನಿ’ ಅಂದ್ರು. ಅವ್ವಗ ಬಿಳಿ ಅಂಚು ಬ್ಯಾಡಂತ, ಫೋಟೋ ಕಟ್ಟಿನ ತುಂಬ ಇರಬೇಕಂತ. ಯಾರ ಮಾತು ಕೇಳೂನು?

ಉತ್ತರ: ಅವ್ವನ ಮಾತು ಕೇಳಿ. ಎರಡನೆಯ ಅಂಗಡಿಯವರ ಮಾತು ಮಾತ್ರ ಕೇಳಬೇಡಿ.

ಮೌಂಟ್ ಎಂದರೆ ಫೋಟೋದ ಸುತ್ತ ಕಾಣುವ ಆ ದಪ್ಪ ರಟ್ಟಿನ ಅಂಚು. ಚಿತ್ರದ ಸುತ್ತ ಖಾಲಿ ಜಾಗ ಬಿಟ್ಟು ಅಂದ ಕೊಡುವುದು ಅದರ ಒಂದು ಕೆಲಸ. ಆ ಅಂದ ಬೇಕೋ ಬೇಡವೋ ನಿಮ್ಮ ಮನೆಯವರಿಗೆ ಬಿಟ್ಟದ್ದು. ನಮ್ಮ ಕಡೆಯ ಪಡಸಾಲೆಗಳಲ್ಲಿ ಹಿರಿಯರ ಫೋಟೋಗಳು ಕಟ್ಟಿನ ತುಂಬ ಇರುವುದೇ ರೂಢಿ. ಸಾಲಾಗಿ ತೂಗುಹಾಕಿದ ಅಂಥ ಫೋಟೋಗಳ ನಡುವೆ ಅಗಲವಾದ ಬಿಳಿ ಅಂಚಿನದೊಂದು ಬಂದರೆ ಬೇರೆ ಮನೆಯಿಂದ ತಂದಂತೆ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಮೌಂಟ್ ಇನ್ನೊಂದು ಕೆಲಸವನ್ನೂ ಮಾಡುತ್ತಿರುತ್ತದೆ: ಗಾಜಿಗೂ ಫೋಟೋಗೂ ನಡುವೆ ಒಂದಿಷ್ಟು ಗಾಳಿಯ ಜಾಗ ಬಿಡುವುದು. ಇದನ್ನು ಬಿಡುವಂತಿಲ್ಲ. ಅದೃಷ್ಟಕ್ಕೆ, ಆ ಜಾಗ ಬಿಡಲು ಕಣ್ಣಿಗೆ ಕಾಣುವ ಮೌಂಟೇ ಆಗಬೇಕೆಂದಿಲ್ಲ.

ಅಂಟುವುದು ಯಾಕೆ ಎಂಬುದನ್ನು ಮೊದಲು ನೋಡೋಣ. ಹಳೆಯ ಕಪ್ಪು-ಬಿಳುಪು ಫೋಟೋ ಇರಲಿ, ಇವತ್ತಿನ ಕಲರ್ ಲ್ಯಾಬಿನ ಫೋಟೋ ಪೇಪರ್ ಇರಲಿ, ಮೇಲ್ಪದರ ಜೆಲಾಟಿನ್. ಪ್ರಾಣಿಗಳ ಚರ್ಮ, ಎಲುಬಿನಿಂದ ತೆಗೆಯುವ ಈ ವಸ್ತು ತೇವ ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ, ಜಿಗುಟಾಗುತ್ತದೆ. ಎದುರಿಗೇ ಒತ್ತಿಕೊಂಡು ಗಾಜು ಇದ್ದರೆ ಅದಕ್ಕೆ ಹತ್ತುತ್ತದೆ, ಒಣಗುವಾಗ ಹತ್ತಿದಲ್ಲೇ ಗಟ್ಟಿಯಾಗುತ್ತದೆ. ಮೊದಮೊದಲು ಅಲ್ಲಲ್ಲಿ ಎಣ್ಣೆ ಬಿದ್ದಂತೆ ಹೊಳೆಯುವ ಕಲೆಗಳು ಕಾಣುತ್ತವೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಫೋಟೋ ಮತ್ತು ಗಾಜು ಒಂದೇ ಆಗಿರುತ್ತವೆ. ಇಂಕ್‌ಜೆಟ್ ಪ್ರಿಂಟಿನಲ್ಲಿ ಜೆಲಾಟಿನ್ ಇರಬೇಕೆಂದೇನೂ ಇಲ್ಲ, ಆದರೆ ಅಲ್ಲಿಯೂ ತೇವಕ್ಕೆ ಶಾಯಿ ಗಾಜಿಗೆ ಇಳಿಯಬಹುದು. ಹಾಗಾಗಿ ‘ನಮ್ಮದು ಲ್ಯಾಬಿನದು’, ‘ನಮ್ಮದು ಪ್ರಿಂಟರಿನದು’ ಎಂಬ ವ್ಯತ್ಯಾಸ ಇಲ್ಲಿ ಲೆಕ್ಕಕ್ಕಿಲ್ಲ.

‘ಬೆಳಗಾವಿ, ಖಾನಾಪುರದ ಕಡೆ ಮಳಿ ಜಾಸ್ತಿ, ಅಲ್ಲಿ ಅಂಟಬಹುದು. ನಮ್ಮದು ಒಣ ಸೀಮಿ, ಇಲ್ಲೇನಾಗತೈತಿ?’ ಎಂದು ವಿಜಯಪುರ, ಬಾಗಲಕೋಟೆಯವರು ಕೇಳುವುದುಂಟು. ಕಟ್ಟಿನೊಳಗಿನ ತೇವಕ್ಕೆ ಮಳೆಯೇ ಬರಬೇಕೆಂದಿಲ್ಲ. ನಮ್ಮಲ್ಲಿ ಹಗಲಿಗೂ ರಾತ್ರಿಗೂ ಉಷ್ಣತೆಯ ಅಂತರ ದೊಡ್ಡದು. ಹಗಲು ಕಾದ ಕಟ್ಟಿನೊಳಗೆ ಕಾಗದ, ಹಿಂದಿನ ಹಾರ್ಡ್‌ಬೋರ್ಡು ಬಿಟ್ಟ ತೇವ ರಾತ್ರಿ ಬೇಗ ತಣ್ಣಗಾಗುವ ಗಾಜಿನ ಒಳಮೈಮೇಲೆ ಕೂರುತ್ತದೆ. ಇದಕ್ಕಿಂತ ದೊಡ್ಡ ಕಾರಣ ನಮ್ಮ ಕೈಯಲ್ಲೇ ಇದೆ. ಹಿರಿಯರ ಫೋಟೋದ ಗಾಜಿಗೆ ವಿಭೂತಿ, ಕುಂಕುಮ ಹಚ್ಚುತ್ತೇವೆ. ದಸರೆ-ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಅದನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸುತ್ತೇವೆ. ಇಳಿದ ನೀರು ಕೆಳಗಿನ ಪಟ್ಟಿಯ ಸಂದಿನಲ್ಲಿ ನಿಂತು, ಗಾಜು ಮತ್ತು ಫೋಟೋ ಒತ್ತಿಕೊಂಡಿದ್ದರೆ ಅವೆರಡರ ನಡುವೆ ತಾನೇ ಮೇಲಕ್ಕೆ ಏರುತ್ತದೆ. ಮನೆಯಲ್ಲಿ ಹಾಳಾದ ಫೋಟೋ ಇದ್ದರೆ ನೋಡಿ, ಕಲೆ ಬಹಳ ಸಲ ಕೆಳಗಿನ ಅಂಚಿನಿಂದಲೇ ಶುರುವಾಗಿರುತ್ತದೆ.

ಈಗ ಉಪಾಯ. ಕಟ್ಟಿನ ಪಟ್ಟಿಯನ್ನು ತಿರುಗಿಸಿ ನೋಡಿದರೆ ಗಾಜು ಕೂರಲು ಒಳಗೊಂದು ಕಚ್ಚು ಇರುತ್ತದೆ. ಮುಂದಿನಿಂದ ನೋಡಿದಾಗ ಪಟ್ಟಿಯ ಅಂಚು ಆ ಕಚ್ಚನ್ನು ಸಾಮಾನ್ಯವಾಗಿ 5-6 ಮಿಲಿಮೀಟರ್ ಮುಚ್ಚಿರುತ್ತದೆ. ನಮ್ಮ ಅಂತರದ ಪಟ್ಟಿ ಆ ಮರೆಯಲ್ಲಿ ಅಡಗಿ ಕೂರಬೇಕು. ಇದಕ್ಕೆಂದೇ ತಯಾರಾದ ಪ್ಲಾಸ್ಟಿಕ್ ಪಟ್ಟಿಗಳಿವೆ, ಸ್ಪೇಸರ್ ಎನ್ನುತ್ತಾರೆ, ಸುಮಾರು 3 ಮತ್ತು 6 ಮಿ.ಮೀ. ದಪ್ಪದವು ಹೆಚ್ಚು ಬಳಕೆಯಲ್ಲಿವೆ. ಅಂಗಡಿಯಲ್ಲಿ ಸಿಗದಿದ್ದರೆ ಬೇಸರ ಬೇಡ. ಅವರ ಹತ್ತಿರ ಇರುವ ಮೌಂಟ್ ಬೋರ್ಡನ್ನೇ 4 ಮಿ.ಮೀ. ಅಗಲದ ಪಟ್ಟಿಗಳಾಗಿ ಕೊಯ್ಯಲು ಹೇಳಿ. ಸಾಮಾನ್ಯ ಬೋರ್ಡು ಒಂದೂವರೆ ಮಿ.ಮೀ. ಹತ್ತಿರ ದಪ್ಪ ಇರುತ್ತದೆ, ಎರಡು ಪಟ್ಟಿ ಒಂದರ ಮೇಲೊಂದು ಅಂಟಿಸಿದರೆ 3 ಮಿ.ಮೀ. ಅಂತರ ಸಿಕ್ಕಿತು. ಮೌಂಟ್ ಹಾಕಲೇಬೇಕೆಂದ ಮೊದಲ ಅಂಗಡಿಯವರ ಮಾತೂ ಉಳಿಯಿತು, ಅದು ಅವ್ವನ ಕಣ್ಣಿಗೂ ಬೀಳಲಿಲ್ಲ.

ಪಟ್ಟಿಯನ್ನು ಗಾಜಿನ ಒಳಮೈಯ ಅಂಚಿಗೆ ಡಬಲ್ ಟೇಪಿನಿಂದ ಅಂಟಿಸಬೇಕು. ಫೋಟೋಗೆ ತಾಗುವ ಮೈಯಲ್ಲಿ ಅಂಟು ಇರಲೇಬಾರದು. ಬಣ್ಣದ ಕಡೆಗೂ ಗಮನ ಇರಲಿ: ಎದುರಿನಿಂದ ಪಟ್ಟಿ ಕಾಣದಿದ್ದರೂ ಪಕ್ಕದಿಂದ ನೋಡಿದವರಿಗೆ ಅದರ ಒಳಮೈ ಕಾಣುತ್ತದೆ. ಕರಿ ಕಟ್ಟಿಗೆ ಕರಿ ಪಟ್ಟಿ, ತೇಗದ ಬಣ್ಣದ ಕಟ್ಟಿಗೆ ಕಂದು ಪಟ್ಟಿ ಹಾಕಿಸಿದರೆ ಅದು ಕಟ್ಟಿನದೇ ಭಾಗ ಎನಿಸುತ್ತದೆ. ಬಿಳಿ ಪಟ್ಟಿ ಹಾಕಿಬಿಟ್ಟರೆ ಬೇಡವೆಂದ ಬಿಳಿ ಗೆರೆ ಮತ್ತೆ ಬಂದಂತಾಯಿತು.

ಅಂಗಡಿಯಲ್ಲಿ ಈ ಕೆಲಸ ಎಡವುವುದು ಹೆಚ್ಚಾಗಿ ಆಳದ ಲೆಕ್ಕದಲ್ಲಿ. ಗಾಜು 2 ಮಿ.ಮೀ., ಅಂತರ 3, ಫೋಟೋದ ಹಿಂದಿನ ಬೋರ್ಡು ಒಂದೂವರೆಯಿಂದ 2, ಕೊನೆಯ ಹಾರ್ಡ್‌ಬೋರ್ಡು 3. ಕೂಡಿದರೆ 10 ಮಿ.ಮೀ. ಕಚ್ಚಿನ ಆಳ ಅದಕ್ಕಿಂತ ತುಸು ಹೆಚ್ಚೇ ಇರಬೇಕು. ಕಟ್ಟಿನ ಸಣ್ಣ ಫೈಬರ್ ಪಟ್ಟಿಗಳಲ್ಲಿ ಅಷ್ಟು ಆಳ ಇರುವುದು ಅಪರೂಪ. ಆಳ ಸಾಲದಿದ್ದಾಗ ಅವಸರದ ಕೈ ಏನು ಮಾಡುತ್ತದೆ ಎಂದರೆ, ಸ್ಪೇಸರನ್ನೇ ತೆಗೆದು ಒತ್ತಿ ಮೊಳೆ ಹೊಡೆದುಬಿಡುತ್ತದೆ. ಆದ್ದರಿಂದ ವಿನ್ಯಾಸ, ಬಣ್ಣ ಆರಿಸುವ ಮೊದಲೇ ಕಟ್ಟಿನ ಪಟ್ಟಿಯನ್ನು ತಿರುಗಿಸಿ ಆಳ ಅಳೆಯಿರಿ. ಇಷ್ಟವಾದ ಪಟ್ಟಿ ತೆಳ್ಳಗಿದ್ದರೆ ಹಿಂಬದಿಗೆ ತೆಳುವಾದ ಕಟ್ಟಿಗೆಯ ಪಟ್ಟಿ ಜೋಡಿಸಿ ಆಳ ಹೆಚ್ಚಿಸಬಹುದು. ಬಡಗಿ ಕೆಲಸ ಬಲ್ಲವರಿಗೆ ಅದೇನು ದೊಡ್ಡದಲ್ಲ.

ಇನ್ನೊಂದು ತೊಡಕು, ಚಿತ್ರದ ಅಂಚು. ನಿಮ್ಮ 12×18 ಪ್ರಿಂಟು ಕಾಗದದ ತುದಿಯವರೆಗೂ ಚಿತ್ರ ತುಂಬಿದ್ದಾದರೆ ನಾಲ್ಕೂ ಕಡೆ ಸುಮಾರು 6 ಮಿ.ಮೀ. ಚಿತ್ರ ಕಟ್ಟಿನ ಪಟ್ಟಿಯ ಕೆಳಗೆ ಹೋಗುತ್ತದೆ. ಆಯಿಯ ಪಾದವೋ, ಕಟ್ಟೆಯ ಮೂಲೆಯೋ ಕಾಣದಂತಾದರೆ ಮನಸ್ಸಿಗೆ ಹತ್ತುವುದಿಲ್ಲ. ಸ್ಕ್ಯಾನ್ ಮಾಡಿದ ಫೈಲ್ ಇದ್ದೇ ಇದೆಯಲ್ಲ, ಇನ್ನೊಂದು ಪ್ರಿಂಟ್ ತೆಗೆಸಿ. ಅದೇ 12×18 ಕಾಗದದಲ್ಲಿ ಚಿತ್ರವನ್ನು 11.5×17.5 ಇಂಚಿಗೆ ಇಳಿಸಿ ಸುತ್ತ ಕಾಲು ಇಂಚು ಖಾಲಿ ಬಿಡಲು ಲ್ಯಾಬಿನವರಿಗೆ ಹೇಳಿ. ಕಾಲು ಇಂಚೆಂದರೆ ಹೆಚ್ಚುಕಡಿಮೆ 6 ಮಿ.ಮೀ., ಸರಿಯಾಗಿ ಪಟ್ಟಿ ಮುಚ್ಚುವಷ್ಟು. ಸ್ಪೇಸರಿನ ಒತ್ತಡ ಬೀಳುವುದು ಆ ಖಾಲಿ ಅಂಚಿನ ಮೇಲೆ, ಚಿತ್ರ ಪೂರ್ತಿ ಕಾಣುತ್ತದೆ. ಒಂದು ಪ್ರಿಂಟಿನ ಹೆಚ್ಚುವರಿ ಖರ್ಚಿಗೆ ಇಷ್ಟು ನೆಮ್ಮದಿ ಸಿಗುವುದಾದರೆ ನಾನು ಎರಡನೇ ಯೋಚನೆ ಮಾಡುವುದಿಲ್ಲ.

ಅಗಲ ಮೌಂಟ್ ಕಾಗದವನ್ನು ಸುತ್ತಲೂ ಒತ್ತಿ ಹಿಡಿದಿರುತ್ತದೆ. ತೆಳು ಪಟ್ಟಿ ಅಷ್ಟು ಹಿಡಿಯಲಾರದು. ಹಾಗಾಗಿ ದೊಡ್ಡ ಪ್ರಿಂಟು ಮಳೆಗಾಲದಲ್ಲಿ ಅಲೆ ಎದ್ದು ನಡುವೆ ಗಾಜಿಗೆ ತಾಗುವ ಸಾಧ್ಯತೆ ಇದೆ. ಹೊಸ ಪ್ರಿಂಟನ್ನು ಬೋರ್ಡಿನ ಮೇಲೆ ಅಂಟಿಸಿಬಿಟ್ಟರೆ ಈ ಚಿಂತೆ ಇಲ್ಲ. ಒಣ ಅಂಟಿನ ಹಾಳೆಯಿಂದ ಅಂಟಿಸಲಿ. ಕಟ್ಟಿಗೆಗೆ ಹಚ್ಚುವ ಬಿಳಿ ಅಂಟಿನಲ್ಲಿ ನೀರಿರುತ್ತದೆ, ಕಾಗದ ಸುಕ್ಕಾಗುತ್ತದೆ. 12×18ಕ್ಕಿಂತ ದೊಡ್ಡದಾದರೆ ಅಂತರವನ್ನೂ 6 ಮಿ.ಮೀ.ಗೆ ಏರಿಸುವುದು ಒಳ್ಳೆಯದು.

ಹಾಳೆ ಅಂಟಿಸುವ ಈ ಮಾತು ಹೊಸ ಪ್ರಿಂಟಿಗೆ ಮಾತ್ರ. ಮೂಲ ಫೋಟೋಗೆ ಯಾವ ಅಂಟೂ ಬೇಡ, ಸೆಲ್ಲೋ ಟೇಪಂತೂ ಬೇಡವೇ ಬೇಡ. ಅದು ಹಳದಿಯಾಗಿ, ಗೋಂದು ಬಿಟ್ಟು, ಕಾಗದದೊಳಕ್ಕೆ ಇಳಿಯುತ್ತದೆ. ಲ್ಯಾಮಿನೇಷನ್ನಿಗೂ ಇದೇ ನಿಯಮ. ಎಂಡಿಎಫ್ ಹಲಗೆಗೆ ಫೋಟೋ ಹಚ್ಚಿ ಮೇಲೆ ಪ್ಲಾಸ್ಟಿಕ್ ಪೊರೆ ಬಿಸಿಯಾಗಿ ಒತ್ತುವ ಪದ್ಧತಿ ಮದುವೆ ಫೋಟೋಗಳಿಗೆ ಚೆನ್ನಾಗಿಯೇ ಇದೆ, ಗಾಜಿನ ತಾಪತ್ರಯವೇ ಇಲ್ಲ. ಆದರೆ ಹಚ್ಚಿದ ಮೇಲೆ ಬಿಡಿಸಲಾಗದು. ಫೈಲ್ ಇರುವ ಪ್ರಿಂಟಿಗೆ ಏನು ಬೇಕಾದರೂ ಮಾಡಿ, ಇರುವುದೊಂದೇ ಪ್ರತಿಗೆ ಮಾಡಬೇಡಿ. ಮುಳುಗಡೆಯಾದ ಊರಿನ ಆ ಮನೆಯ ಎದುರು ನಿಂತು ಮತ್ತೊಂದು ಫೋಟೋ ತೆಗೆಯಲು ಬರುವುದಿಲ್ಲ.

ಮೂಲ ಫೋಟೋವನ್ನೇ ತೂಗುಹಾಕಬೇಕೆಂಬ ಆಸೆ ಇದ್ದರೆ? ನನ್ನ ಅಭಿಪ್ರಾಯ ಕೇಳಿದರೆ ಬೇಡ. ಗೋಡೆಗೆ ಪ್ರತಿ, ಕಪಾಟಿನಲ್ಲಿ ಮೂಲ. ಹಾಕಲೇಬೇಕೆಂದರೆ ಆ್ಯಸಿಡ್ ಇಲ್ಲದ ಕಾಗದವನ್ನು ಸಣ್ಣ ಪಟ್ಟಿಗಳಾಗಿ ಮಡಚಿ, ಫೋಟೋದ ಅಂಚು ಆ ಮಡಿಕೆಯಲ್ಲಿ ಸಡಿಲವಾಗಿ ಕೂರುವಂತೆ ಮಾಡಿ, ಪಟ್ಟಿಯನ್ನಷ್ಟೇ ಹಿಂದಿನ ಬೋರ್ಡಿಗೆ ಅಂಟಿಸಬೇಕು. ಮಡಿಕೆಯೂ ಕಟ್ಟಿನ ಅಂಚಿನ ಮರೆಯಲ್ಲಿ ಅಡಗುತ್ತದೆ. ಹಾರ್ಡ್‌ಬೋರ್ಡು, ಎಂಡಿಎಫ್ ಎರಡೂ ವರ್ಷಗಟ್ಟಲೆ ಆಮ್ಲದ ಆವಿ ಬಿಡುತ್ತಲೇ ಇರುತ್ತವೆ. ಅವು ಫೋಟೋದ ಬೆನ್ನಿಗೆ ನೇರ ತಾಗದಂತೆ ನಡುವೆ ಒಳ್ಳೆಯ ಬೋರ್ಡು, ಅದರ ಹಿಂದೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಆದರೂ ಇರಲಿ.

ಹಳೆಯ ಸ್ಟುಡಿಯೋ ಫೋಟೋಗಳು ಕೆಲವೊಮ್ಮೆ ದಪ್ಪ ಕಾರ್ಡಿಗೆ ಅಂಟಿಸಿಯೇ ಬಂದಿರುತ್ತವೆ, ಕೆಳಗೆ ಸ್ಟುಡಿಯೋದ ಹೆಸರು, ಊರು ಒತ್ತಿರುತ್ತದೆ. ಇದು ಬಹಳ ಹಿಂದಿನ ಪದ್ಧತಿ. 1855ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಥಾಮಸ್ ಬಿಗ್ಸ್ ಮುಂಬೈ ಸರ್ಕಾರದ ಪರವಾಗಿ ಬಿಜಾಪುರ, ಬಾದಾಮಿ, ಐಹೊಳೆಗಳ ಚಿತ್ರ ತೆಗೆದ. ಆ ಕಾಲದ ಪ್ರಿಂಟುಗಳಿಗೆ ಮೊಟ್ಟೆಯ ಬಿಳಿಲೋಳೆ ಸವರಿದ ತೆಳು ಕಾಗದ ಬಳಸುತ್ತಿದ್ದರು. ಒಂಟಿಯಾಗಿ ಬಿಟ್ಟರೆ ಸುರುಳಿ ಸುತ್ತಿಕೊಳ್ಳುತ್ತಿದ್ದ ಅವನ್ನು ರಟ್ಟಿಗೆ ಅಂಟಿಸುವುದು ಅನಿವಾರ್ಯವಾಗಿತ್ತು, ಕಾಗದ ದಪ್ಪವಾದ ಮೇಲೂ ರೂಢಿ ಉಳಿಯಿತು. ಕಟ್ಟು ತುಂಬಬೇಕೆಂದು ಆ ಕಾರ್ಡಿನ ಅಂಚನ್ನು ಕತ್ತರಿಸಲು ಯಾರಾದರೂ ಹೊರಟರೆ ಕೈ ಹಿಡಿಯಿರಿ. ಫೋಟೋ ಯಾವ ಊರಲ್ಲಿ ತೆಗೆದದ್ದು ಎಂದು ಮೊಮ್ಮಕ್ಕಳಿಗೆ ಹೇಳುವುದು ಆ ಒಂದೇ ಸಾಲು.

ಈಗಾಗಲೇ ಗಾಜಿಗೆ ಅಂಟಿದ ಫೋಟೋ ಮನೆಯಲ್ಲಿದೆ ಎಂದು ಬರೆಯುವವರೂ ಇದ್ದಾರೆ. ಕೀಳಬೇಡಿ. ಮೂಲೆಯಿಂದ ಎಬ್ಬಿಸಲು ಹೋದರೆ ಮುಖವೇ ಗಾಜಿನಲ್ಲಿ ಉಳಿದು ಕಾಗದ ಕೈಗೆ ಬರುತ್ತದೆ. ನೀರಲ್ಲಿ ನೆನೆಸುವ ಸಲಹೆ ಸಿಗುತ್ತದೆ, ಆದರೆ ಕೈಯಿಂದ ಬಣ್ಣ ತುಂಬಿದ ಫೋಟೋ ಆದರೆ ಬಣ್ಣ ಹೋದೀತು, ಇಂಕ್‌ಜೆಟ್ ಆದರೆ ಚಿತ್ರವೇ ಹೋದೀತು. ಮೊದಲು ಗಾಜಿನ ಸಮೇತ ಒಳ್ಳೆಯ ಪ್ರತಿ ಮಾಡಿಕೊಳ್ಳಿ: ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಇಟ್ಟು, ಕ್ಯಾಮೆರಾದ ಹಿಂದೆ ಕರಿ ಬಟ್ಟೆ ಹಿಡಿದರೆ ಗಾಜಿನಲ್ಲಿ ಪ್ರತಿಬಿಂಬ ಬರುವುದಿಲ್ಲ. ಆಮೇಲೆ ಆ ಗಾಜನ್ನು ಒಡೆಯದಂತೆ ಕಾಪಾಡಿಕೊಳ್ಳಿ, ಬಿಡಿಸುವ ಕೆಲಸ ಬಲ್ಲವರ ಕೈಗೇ ಹೋಗಲಿ.

ಗಾಜಿನ ಬಗ್ಗೆ ಎರಡು ಮಾತು. ಬೆಳಕು ಹೊಡೆಯದ ಮಂದ ಗಾಜು ಫೋಟೋಗೆ ತಾಗಿ ಕೂತಾಗ ಚೆಂದ, 3 ಮಿ.ಮೀ. ದೂರ ಸರಿದರೆ ಚಿತ್ರ ಮಸುಕಾಗುತ್ತದೆ. ಅಂತರ ಬಿಟ್ಟ ಮೇಲೆ ಸಾದಾ ಗಾಜೇ ಸರಿ. ಅಕ್ರಿಲಿಕ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಗಾಜಿನ ಅರ್ಧ ತೂಕದ್ದು, 24×36 ಇಂಚಿನಂಥ ಕಟ್ಟಿಗೆ ಅದು ಅನುಕೂಲ, ಏಕೆಂದರೆ ಅಷ್ಟಕ್ಕೆ 3 ಮಿ.ಮೀ. ಗಾಜೇ ನಾಲ್ಕು ಕಿಲೋ ದಾಟುತ್ತದೆ. ಆದರೆ ವಿಭೂತಿ ಹಚ್ಚಿ ಒರೆಸುವ ಫೋಟೋಗೆ ಅಕ್ರಿಲಿಕ್ ಹಾಕಿಸಬೇಡಿ, ಎರಡು ಹಬ್ಬ ಕಳೆಯುವಷ್ಟರಲ್ಲಿ ಗೀರು ತುಂಬಿರುತ್ತದೆ.

ಹಿಂಬದಿಯ ಸಂದುಗಳಿಗೆ ಕಂದು ಕಾಗದದ ಟೇಪು ಹಚ್ಚಿಸಿ, ಧೂಳು ಮತ್ತು ಹುಳು ಒಳಗೆ ಹೋಗುವುದಿಲ್ಲ. ಕೆಳಗಿನ ಎರಡು ಮೂಲೆಗೆ ರಬ್ಬರ್ ಬಿಲ್ಲೆ ಅಂಟಿಸಿದರೆ ಗೋಡೆಗೂ ಕಟ್ಟಿಗೂ ನಡುವೆ ಗಾಳಿ ಆಡುತ್ತದೆ. ಬೆಳಗಾವಿ ಕಡೆಯ ಜಂಬಿಟ್ಟಿಗೆ ಗೋಡೆ ಮಳೆಗಾಲದಲ್ಲಿ ತೇವ ಹಿಡಿಯುವುದರಿಂದ ಅಲ್ಲಿನವರಿಗೆ ಇದು ಇನ್ನೂ ಮುಖ್ಯ. ಒರೆಸುವಾಗ ನೀರು ಗಾಜಿನ ಮೇಲೆ ಹಾಕದೆ ಬಟ್ಟೆಗೆ ತುಸು ಹಾಕಿ ಹಿಂಡಿ ಒರೆಸಿ. ಮೊದಲ ಮಳೆಗಾಲ ಮುಗಿದಾಗ ಒಮ್ಮೆ ಕಟ್ಟನ್ನು ಇಳಿಸಿ, ಮೊಬೈಲಿನ ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿ. ಫೋಟೋದ ನಡುಭಾಗ ಉಬ್ಬಿ ಗಾಜಿನ ಹತ್ತಿರ ಬಂದಿದ್ದರೆ, ಅಂಟುವ ಮೊದಲೇ ಅಂಗಡಿಗೆ ಒಯ್ದು 6 ಮಿ.ಮೀ. ಪಟ್ಟಿ ಹಾಕಿಸಿಕೊಳ್ಳಿ.