ಮಗುವಿನ ತಲೆಯಲ್ಲಿ ಸಿಸ್ಟ್: ಎಲೆಕೋಸಿನ ಹುಳ ಕಾರಣವೇ?

ಪ್ರಶ್ನೆ: ಮಗನಿಗೆ 4 ವರ್ಷ. ಬಿದ್ದು ಪೆಟ್ಟಾಗಿ ಸ್ಕ್ಯಾನ್ ಮಾಡಿಸಿದಾಗ ‘ಅರಕ್ನಾಯ್ಡ್ ಸಿಸ್ಟ್’ ಇದೆ ಅಂದರು. ಎಲೆಕೋಸಿನ ಹುಳ ಮಿದುಳಿಗೆ ಹೋಗಿದೆ ಅಂತ ಅತ್ತೆ ಹೇಳ್ತಾರೆ. ನಿಜವೇ?

ಖಂಡಿತ ಅಲ್ಲ. ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ, ಲೆಕ್ಕವಿಲ್ಲ. ಆದರೂ ತಾಯಂದಿರು ತಮ್ಮ ಅಡುಗೆಯಿಂದಲೇ ಹೀಗಾಯ್ತು ಅಂತ ಕೊರಗುವುದು ನಿಂತಿಲ್ಲ. ಹಾಗಾಗಿ ಮತ್ತೆ ಬರೆಯುತ್ತಿದ್ದೇನೆ.

ಮಿದುಳಿಗೆ ಮೂರು ಪದರದ ಹೊದಿಕೆ ಇದೆ. ನಡುವಿನದು ಅರಕ್ನಾಯ್ಡ್, ಜೇಡರ ಬಲೆಯಂತೆ ತೆಳು. ಕೆಲವು ಮಕ್ಕಳಲ್ಲಿ, ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದು ಒಂದು ಕಡೆ ಎರಡು ಪದರವಾಗಿ ಬಿಡುತ್ತದೆ. ಮಿದುಳಿನ ಸುತ್ತ ಸದಾ ಇರುವ ತಿಳಿನೀರೇ ಆ ಸಂದಿನಲ್ಲಿ ತುಂಬಿಕೊಳ್ಳುತ್ತದೆ. ಈ ನೀರಿನ ಚೀಲವೇ ಅರಕ್ನಾಯ್ಡ್ ಸಿಸ್ಟ್. ಅದು ಕ್ಯಾನ್ಸರ್ ಅಲ್ಲ, ಹುಳವಂತೂ ಅಲ್ಲವೇ ಅಲ್ಲ.

ಹುಳದ ಮಾತು ಎಲ್ಲಿಂದ ಬಂತು? ಹಂದಿಯ ಲಾಡಿಹುಳದ ಮೊಟ್ಟೆ ನಮ್ಮ ಹೊಟ್ಟೆ ಸೇರಿದರೆ, ಅದರ ಮರಿ ಮಿದುಳಿಗೆ ಹೋಗಿ ಗುಳ್ಳೆ ಕಟ್ಟಬಹುದು. ಫಿಟ್ಸ್ ಬರಬಹುದು. ಅದಕ್ಕೂ ಸಿಸ್ಟ್ ಅಂತಲೇ ಹೆಸರು. ಆದರೆ ಅದು ಸಾಮಾನ್ಯವಾಗಿ ಕಾಳಿನಷ್ಟು ಚಿಕ್ಕದು, ಹೆಚ್ಚಾಗಿ ಮಿದುಳಿನೊಳಗೇ ಇರುತ್ತದೆ. ಎಷ್ಟೋ ಸಲ ಅದರೊಳಗೆ ಹುಳದ ತಲೆ ಚುಕ್ಕಿಯಂತೆ ಕಾಣುತ್ತದೆ. ನಿಮ್ಮ ಮಗನದು ಮಿದುಳಿನ ಹೊರಗೆ, ಬರೀ ನೀರು.

ಇನ್ನು ಎಲೆಕೋಸು. ಎಲೆ ಬಿಡಿಸಿದಾಗ ಸಿಗುವ ಹಸಿರು ಹುಳ ಪತಂಗದ ಮರಿ. ಬಿಟ್ಟರೆ ರೆಕ್ಕೆ ಬಂದು ಹಾರಿಹೋಗುತ್ತದೆ. ಲಾಡಿಹುಳದ ಮೊಟ್ಟೆ ಬರಿಗಣ್ಣಿಗೆ ಕಾಣುವುದೇ ಇಲ್ಲ. ಅದು ಬರುವುದು ಆ ಹುಳ ಇರುವ ಮನುಷ್ಯರ ಮಲದಿಂದ. ಕೊಳಚೆ ನೀರು ಬಿದ್ದ ಸೌತೆಕಾಯಿ, ಕೊತ್ತಂಬರಿ ಸೊಪ್ಪಿನಲ್ಲೂ ಇರಬಹುದು, ತೊಳೆಯದ ಕೈಯಲ್ಲೂ ಇರಬಹುದು. ಚೆನ್ನಾಗಿ ಬೆಂದ ಕೋಸಿನ ಪಲ್ಯವನ್ನು ಮಗನಿಗೆ ಧಾರಾಳವಾಗಿ ಬಡಿಸಿ.

ಹೆಚ್ಚಿನ ಮಕ್ಕಳಿಗೆ ಈ ಸಿಸ್ಟ್‌ನಿಂದ ತೊಂದರೆಯಿಲ್ಲ, ಆಪರೇಷನ್ ಬೇಕಾಗುವುದು ಕೆಲವರಿಗಷ್ಟೇ. ಮಾತ್ರೆಯಿಂದ ಕರಗುವಂಥದ್ದಲ್ಲ, ಸುಮ್ನೆ ಹುಳದ ಔಷಧಿ ಕೊಡಬೇಡಿ. ಆದರೆ ಬೆಳಗ್ಗೆ ಎದ್ದ ಕೂಡಲೇ ತಲೆನೋವು, ವಾಂತಿ, ಫಿಟ್ಸ್, ಕಣ್ಣು ಮಂಜು ಕಂಡರೆ ತಡಮಾಡದೆ ತೋರಿಸಿ. ಮತ್ತೆ ತಲೆಗೆ ಪೆಟ್ಟಾದರೂ ಅಷ್ಟೇ, ಸಿಸ್ಟ್ ಇರುವುದನ್ನು ಡಾಕ್ಟರಿಗೆ ಮೊದಲೇ ಹೇಳಿ.