ಯಾವ ಡ್ರಾಫ್ಟಿಂಗ್, ಯಾರ ಪರ?

ದಾವಣಗೆರೆ, ಚಿತ್ರದುರ್ಗದ ಕೋರ್ಟುಗಳಲ್ಲಿ ಎರಡು-ಮೂರು ವರ್ಷ ಸೀನಿಯರ್ ಕೈಕೆಳಗೆ ದುಡಿದು ಬೆಂಗಳೂರಿನ ಕಂಪನಿಗಳಿಗೆ ಅರ್ಜಿ ಹಾಕುವ ವಕೀಲರ ರೆಸ್ಯೂಮೆಗಳು ಬಹುಪಾಲು ಒಂದೇ ಅಚ್ಚಿನವು: ‘ಡ್ರಾಫ್ಟಿಂಗ್, ಲೀಗಲ್ ಒಪಿನಿಯನ್, ಸಿವಿಲ್ ಮತ್ತು ಕ್ರಿಮಿನಲ್ ಪ್ರಕರಣಗಳಲ್ಲಿ ಹಾಜರಿ’. ಇದನ್ನು ಓದಿ ಲೀಗಲ್ ಮ್ಯಾನೇಜರ್‌ಗೆ ಏನು ತಿಳಿಯಬೇಕು? ವಕೀಲರೆಲ್ಲ ಮಾಡುವುದು ಅದನ್ನೇ ಅಲ್ಲವೆ?

ಅನುಭವದ ಪ್ರತಿ ಸಾಲಿನಲ್ಲೂ ನಾಲ್ಕು ಸಂಗತಿ ಇರಲಿ: ಯಾವ ದಸ್ತಾವೇಜು, ಯಾರ ಪರ, ಎಷ್ಟು ಮೊತ್ತ ಅಥವಾ ಅವಧಿ, ಅದರಲ್ಲಿ ನಿಮ್ಮ ಪಾಲೆಷ್ಟು. ‘ಒಪ್ಪಂದಗಳ ಡ್ರಾಫ್ಟಿಂಗ್’ ಎಂಬುದನ್ನು ಹೊಡೆದುಹಾಕಿ, ‘ಅಕ್ಕಿ ಗಿರಣಿಯೊಂದರ ಪರ 5 ವರ್ಷದ ಗೋದಾಮು ಬಾಡಿಗೆ ಕರಾರು, ನೋಂದಣಿ ಸಮೇತ, ಮೊದಲ ಕರಡು ನನ್ನದು, ಠೇವಣಿ ವಾಪಸಾತಿ ಷರತ್ತಿನ ಮಾತುಕತೆ ಸೀನಿಯರ್ ಜೊತೆ’ ಎಂದು ಬರೆಯಿರಿ. ‘ಸೀನಿಯರ್ ಜೊತೆ’ ಎಂಬುದನ್ನೇ ಜನ ಮುಚ್ಚಿಡುತ್ತಾರೆ. ಬರೆದರೆ ಸಣ್ಣವರಾಗಿ ಕಾಣುತ್ತೇವೇನೋ ಎಂಬ ಅಳುಕು. ಆದರೆ ಸಂದರ್ಶನದಲ್ಲಿ ಕೆದಕುವುದು ಅಲ್ಲೇ. ಸೀನಿಯರ್ ಮಾಡಿದ ಕೆಲಸವನ್ನು ತಮ್ಮದೆಂದವರು ‘ಆ ಷರತ್ತು ಯಾಕೆ ಹಾಕಿದಿರಿ’ ಎಂದು ಕೇಳಿದೊಡನೆ ತಡವರಿಸುತ್ತಾರೆ.

‘ನಮ್ಮ ಕಡೆ ಕಾರ್ಪೊರೇಟ್ ಕೆಲಸ ಎಲ್ಲಿದೆ ಸಾರ್’ ಎನ್ನುವವರು ತಮ್ಮ ಕೇಸ್ ಡೈರಿ ತಿರುವಿ ನೋಡಲಿ. ಫೈನಾನ್ಸ್ ಸಂಸ್ಥೆಯ ಪರ ಹಾಕಿದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ನಿನ ಚೆಕ್ ಬೌನ್ಸ್ ಕೇಸುಗಳು ಅಪ್ಪಟ ವಸೂಲಾತಿ ಅನುಭವ. ಚೆಕ್ ವಾಪಸಾದ ಮಾಹಿತಿ ಬಂದ 30 ದಿನದೊಳಗೆ ನೋಟಿಸು, ಹಣ ಕಟ್ಟಲು 15 ದಿನ, ಆಮೇಲೆ ಒಂದು ತಿಂಗಳೊಳಗೆ ದೂರು. ಈ ಗಡುವುಗಳನ್ನು ಎಷ್ಟು ಫೈಲುಗಳಲ್ಲಿ ನೀವೇ ಕಾಯ್ದಿರಿ ಎಂಬುದನ್ನು ಅಂಕಿಯಲ್ಲಿ ಹೇಳಿ. ಸಣ್ಣ ಕೈಗಾರಿಕೆಯವರ ಬಾಕಿಗೆ 2006ರ ಎಂಎಸ್‌ಎಂಇ ಕಾಯ್ದೆಯಡಿ ಅರ್ಜಿ ಹಾಕಿದ್ದರೆ ಅದೂ ಬರಲಿ. ಖರೀದಿದಾರ ಕಂಪನಿಗಳಿಗೆ ಹಣ ಪಾವತಿಗೆ ಆ ಕಾಯ್ದೆ ಹಾಕಿರುವ 45 ದಿನದ ಮಿತಿ ದೊಡ್ಡ ತಲೆನೋವು. ಬ್ಯಾಂಕಿಗಾಗಿ ಇಸಿ (ಋಣಭಾರ ಪತ್ರ), ಪಹಣಿ, ಮ್ಯುಟೇಶನ್, ಭೂಪರಿವರ್ತನೆ ಆದೇಶ ನೋಡಿ ಆಸ್ತಿ ಯಾರದೆಂಬ ಟೈಟಲ್ ವರದಿ ಕೊಟ್ಟವರಂತೂ ಅದನ್ನು ಮೊದಲ ಪುಟದಲ್ಲೇ ಇಡಬೇಕು. ಚಿತ್ರದುರ್ಗದ ಸುತ್ತ ಖಾಸಗಿ ಜಮೀನಿನಲ್ಲಿ ಗಾಳಿಯಂತ್ರ ನಿಲ್ಲಿಸುವ ಕಂಪನಿಗೂ ಬೇಕಾದದ್ದು ಇವೇ ಕಾಗದ ಓದಬಲ್ಲವರು.

ಕಕ್ಷಿದಾರರ ಹೆಸರು ಮಾತ್ರ ಬೇಡ. ಹಳೇ ಕಕ್ಷಿದಾರರ ಗುಟ್ಟು ಬಯಲು ಮಾಡಿದವರು ನಾಳೆ ನಮ್ಮದನ್ನೂ ಮಾಡುತ್ತಾರೆ ಎಂದೇ ಓದುವವರು ಭಾವಿಸುತ್ತಾರೆ.

ತಂದೆಯ ಹೆಸರು, ಜಾತಿ, ವೈವಾಹಿಕ ಸ್ಥಿತಿ, ‘ಮೇಲ್ಕಂಡ ವಿವರಗಳು ಸತ್ಯವೆಂದು ಘೋಷಿಸುತ್ತೇನೆ’ ಎಂಬ ಅಫಿಡವಿಟ್ ಧಾಟಿ, ಎಲ್ಲ ತೆಗೆಯಿರಿ. ಎನ್‌ರೋಲ್‌ಮೆಂಟ್ ಸಂಖ್ಯೆ, ಎಐಬಿಇ (ಅಖಿಲ ಭಾರತ ಬಾರ್ ಪರೀಕ್ಷೆ) ಪಾಸಾದ ವರ್ಷ ಒಂದೇ ಸಾಲಿಗೆ ಸಾಕು. ಒಟ್ಟು ಎರಡು ಪುಟ, ಪಿಡಿಎಫ್.

ಇನ್ನೊಂದು ಎಚ್ಚರಿಕೆ. ಕಂಪನಿಯಲ್ಲಿ ಪೂರ್ಣಾವಧಿ ಸಂಬಳದ ನೌಕರಿ ಹಿಡಿದರೆ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 49ನೇ ನಿಯಮದಂತೆ ವಕೀಲಿಕೆ ನಿಲ್ಲಿಸಿ ರಾಜ್ಯ ಬಾರ್ ಕೌನ್ಸಿಲ್‌ಗೆ ತಿಳಿಸಬೇಕು. ಲಾ ಫರ್ಮ್‌ನಲ್ಲಿ ರಿಟೇನರ್ ಆಗಿ, ಅಂದರೆ ಸಂಬಳದ ಬದಲು ಶುಲ್ಕದ ಕರಾರಿನ ಮೇಲೆ, ಸೇರುವುದು ಸಾಮಾನ್ಯವಾಗಿ ಬೇರೆ. ಕರಾರು ಓದಿಯೇ ತೀರ್ಮಾನಿಸಿ. ನೋಟಿಸ್ ಅವಧಿಯ ಕಾಲಂನಲ್ಲಿ ‘ತಕ್ಷಣ ಸೇರಬಲ್ಲೆ’ ಎಂದು ಬರೆಯುವ ಮುನ್ನ, ಕೈಯಲ್ಲಿರುವ ವಕಾಲತ್ತುಗಳನ್ನು ಬೇರೆಯವರಿಗೆ ವಹಿಸಲು ಎಷ್ಟು ದಿನ ಹಿಡಿಯುತ್ತದೆಂದು ಸೀನಿಯರ್ ಜೊತೆ ಕೂತು ಲೆಕ್ಕ ಹಾಕಿ.