ಮನೆಗೆ ತಿಂಗಳಿಗೆ ಎಷ್ಟು ಬರುತ್ತೆ? ಲೆಕ್ಕಕ್ಕೆ ಸಿಗದ ಕರ್ನಾಟಕದ ಆದಾಯ

ನಾಡಕಚೇರಿಗೆ ಆದಾಯ ಪ್ರಮಾಣಪತ್ರಕ್ಕೆ ಹೋದಾಗ ನಾವು ಯಾವ ಮೊತ್ತ ಹೇಳುತ್ತೇವೆ ಅನ್ನೋದು ಎಲ್ಲರಿಗೂ ಗೊತ್ತಿರೋದೇ. ಬಿಪಿಎಲ್ ಕಾರ್ಡಿನ ಮಿತಿ ವರ್ಷಕ್ಕೆ 1.20 ಲಕ್ಷ ರೂಪಾಯಿ. ಉತ್ತರ ಅದರೊಳಗೇ ಇರುತ್ತೆ.

ಈ ತಾಪತ್ರಯ ಸರ್ಕಾರಕ್ಕೂ ಹಳೆಯದು. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ದಶಕಗಳ ಹಿಂದೆಯೇ ಜನರ ಆದಾಯ ಕೇಳಿ ನೋಡಿದ್ದರು. ಜನ ಹೇಳಿದ ಆದಾಯ, ಅವರೇ ಹೇಳಿದ ಖರ್ಚು-ಉಳಿತಾಯಕ್ಕಿಂತ ಕಡಿಮೆ ಬಂತು! ಹಾಗಾಗಿ ಖರ್ಚನ್ನೇ ಅಳೆಯುವ ರೂಢಿ ಉಳಿಯಿತು. 2022-23ರಲ್ಲಿ ಕರ್ನಾಟಕದ ಹಳ್ಳಿಯಲ್ಲಿ ಒಬ್ಬರ ತಿಂಗಳ ಖರ್ಚು 4,397 ರೂಪಾಯಿ, ಪಟ್ಟಣದಲ್ಲಿ 7,666.

ಹಾಗಾದರೆ 'ರಾಜ್ಯದ ತಲಾ ಆದಾಯ ಮೂರು ಲಕ್ಷ ದಾಟಿತು' ಅನ್ನೋ ಸುದ್ದಿ? ಅದು ರಾಜ್ಯದ ಒಟ್ಟು ಆದಾಯವನ್ನು ಜನಸಂಖ್ಯೆಯಿಂದ ಭಾಗಿಸಿದ್ದು. ಕಂಪನಿಗಳ ಲಾಭವೂ ಅದರಲ್ಲಿದೆ. ರಾಜ್ಯದ ಉತ್ಪನ್ನದಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಪಾಲು ಬೆಂಗಳೂರು ನಗರ ಜಿಲ್ಲೆಯದ್ದೇ. ಆ ಲೆಕ್ಕ ಹಿಡಿದರೆ ಐದು ಜನರ ಮನೆಗೆ ವರ್ಷಕ್ಕೆ 15 ಲಕ್ಷ ಬರಬೇಕು. ಜಿಲ್ಲೆಗಳ ತಲಾ ಆದಾಯದ ಪಟ್ಟಿಯ ತಳದಲ್ಲಿರುವ ಕಲಬುರಗಿಯಲ್ಲಿ ಹೋಗಿ ಇದನ್ನು ಹೇಳಿದರೆ ನಗುತ್ತಾರೆ, ಅಲ್ವಾ?

ಮನೆಯ ಆದಾಯವನ್ನೇ ನೇರವಾಗಿ ಕೇಳಿದ್ದು ರೈತರನ್ನು. 2003ರ ಸಮೀಕ್ಷೆಯಲ್ಲಿ ಕರ್ನಾಟಕದ ರೈತ ಕುಟುಂಬದ ತಿಂಗಳ ಆದಾಯ 2,616 ರೂಪಾಯಿ. 2012-13ಕ್ಕೆ 8,832, 2018-19ಕ್ಕೆ 13,441. ನಡುವೆ ರೈತ ಕುಟುಂಬ ಅಂದರೆ ಯಾರು ಅನ್ನೋ ವ್ಯಾಖ್ಯೆಯೇ ಬದಲಾಯಿತು, ಬೆಲೆ ಏರಿಕೆಯೂ ದೊಡ್ಡ ಪಾಲು ನುಂಗಿತು. ಒಂದು ತಮಾಷೆ ನೋಡಿ: ಕೊನೆಯ ಮೊತ್ತವನ್ನು 12ರಿಂದ ಗುಣಿಸಿದರೆ 1.61 ಲಕ್ಷ. ಅಂದರೆ ಸರಾಸರಿ ರೈತನೇ ಬಿಪಿಎಲ್ ಮಿತಿ ದಾಟಿದ್ದಾನೆ.

ಇದಕ್ಕಿಂತ ದೊಡ್ಡ ಬದಲಾವಣೆ ಹಣ ಬರುವ ದಾರಿಯಲ್ಲಿ ಆಗಿದೆ. 2012-13ರಲ್ಲಿ ದೇಶದ ರೈತ ಮನೆಗೆ ಬೆಳೆಯಿಂದ 3,081, ಕೂಲಿ-ಸಂಬಳದಿಂದ 2,071 ರೂಪಾಯಿ ಬರುತ್ತಿತ್ತು. 2018-19ಕ್ಕೆ ತಿರುವು ಮುರುವು: ಬೆಳೆಯಿಂದ 3,798, ಕೂಲಿ-ಸಂಬಳದಿಂದ 4,063. ಮಂಡ್ಯದ ಕಡೆಯ ಎರಡೆಕರೆ ಮನೆ ನೆನೆಸಿಕೊಳ್ಳಿ. ಕಬ್ಬಿನ ದುಡ್ಡು ಯಾವಾಗಲೋ. ಒಲೆ ಉರಿಯೋದು ಡೇರಿ ಬಟವಾಡೆಯಲ್ಲಿ, ಸೊಸೆಯ ಗಾರ್ಮೆಂಟ್ಸ್ ಸಂಬಳದಲ್ಲಿ, ಬೆಂಗಳೂರಲ್ಲಿ ಕ್ಯಾಬ್ ಓಡಿಸೋ ಮಗ ಫೋನ್‌ಪೇ ಮಾಡೋದರಲ್ಲಿ.

ಹೀಗೆ ಎಲ್ಲ ದಾರಿಯೂ ಬೆಂಗಳೂರಿಗೇ ಸೇರಿದ್ದು ಸುಮ್ನೆ ಅಲ್ಲ. 1974ರ ಭೂಸುಧಾರಣೆ ಗೇಣಿದಾರರಿಗೆ ಜಮೀನು ಕೊಟ್ಟಿತು. ಆದರೆ 1980ರ ದಶಕದಿಂದ ಹೊಸ ಸಂಬಳಗಳೆಲ್ಲ ಐಟಿ ಜೊತೆ ಒಂದೇ ಊರಿಗೆ ಬಂದವು. 2002ರಲ್ಲಿ ನಂಜುಂಡಪ್ಪ ಸಮಿತಿ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರಗಿ ವಿಭಾಗದವು. ಆಮೇಲೆ ಆ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು, ಅನುದಾನವೂ ಬಂತು. ಅಂತರ ಮಾತ್ರ ಹಾಗೇ ಇದೆ. 2023ರಿಂದ ಗೃಹಲಕ್ಷ್ಮಿಯ 2,000 ರೂಪಾಯಿಗೆ ರಾಯಚೂರಿನ ಮನೆಯಲ್ಲಿ ಇರೋ ತೂಕ ಜಯನಗರದಲ್ಲಿ ಇರಲ್ಲ.

ಇಡೀ ದೇಶದ ಮನೆಗಳ ಆದಾಯ ಕೇಳುವ ಸಮೀಕ್ಷೆಯನ್ನು 2026ರಲ್ಲಿ ಶುರು ಮಾಡುವುದಾಗಿ ಕೇಂದ್ರ ಹೇಳಿತ್ತು. ಬಾಗಿಲಿಗೆ ಬಂದವರಿಗೆ ಮೊದಲು ಎದುರಾಗೋದು ಒಂದೇ ಮರುಪ್ರಶ್ನೆ: 'ಹೇಳಿದ್ರೆ ಕಾರ್ಡು ಕಟ್ ಆಗಲ್ಲ ತಾನೇ?'